ನಿಪ್ಪುರದವನ ಬಾಯಿಪಾಠ

ಗಂಜಿಯ ಮೇಲೆ ಕಟ್ಟಿದ ಪದರವನ್ನು ಬೆರಳ ತುದಿಯಿಂದ ಬದಿಗೆ ಸರಿಸುತ್ತ ಕೂತಿದ್ದ ದನ್ನಾಯನಿಗೆ, ಇವತ್ತು ಯಾರ ಮುಖವನ್ನೂ ನೋಡದೆ, ಯಾರ ಮಾತನ್ನೂ ಕೇಳದೆ ಎಲ್ಲಾದರೂ ಬಿದ್ದುಕೊಂಡಿರುವಂತಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಪದರ ಬೆರಳಿಗೇ ಅಂಟಿತು. ಬಟ್ಟಲಿನ ಕಂಠಕ್ಕೆ ಒರೆಸಿದರೆ ಅಲ್ಲಿಂದ ಜೋತುಬಿತ್ತು. ಬಾರ್ಲಿ ಹಳೆಯದು, ಹುಳ ಹಿಡಿದದ್ದು. ಹುಳ ಆರಿಸಿದ್ದರೂ ಅದರ ಕಮಟು ಉಳಿದುಕೊಂಡಿತ್ತು. ಆದರೆ ಅವನಿಗೆ ಗಂಜಿ ಸೇರದಿದ್ದದ್ದು ಅದರಿಂದಲ್ಲ. ನಿನ್ನೆ ಸಂಜೆ, ಮಣ್ಣಿನ ಹಲಗೆಯ ಮೇಲೆ ಬರಹ ಕಲಿಸುವ ನಿನೆವೆಯ ಅರಸರ ಹಲಗೆಮನೆಯ ಯಜಮಾನ ಮುತಕ್ಕಿಲ್, ಹಲ್ಲಿನ ಸಂದಿಯಿಂದ ಮೀನಿನ ಮುಳ್ಳು ಕೀಳುತ್ತ, "ನಾಳೆ ಹೇಳ್ಬಿಡಯ್ಯಾ ದನ್ನಾಯ, ಆ ನಿಪ್ಪುರದವನ ಪಾಠ ಮುಗೀತೋ ಇಲ್ವೋ" ಎಂದಿದ್ದ. ಮುಗಿಯಿತು ಅನ್ನಬೇಕು, ಇಲ್ಲವೇ ಮುಗಿದಿಲ್ಲ ಅನ್ನಬೇಕು. ಎರಡು ಮಾತನ್ನೂ ಬಾಯಲ್ಲಿಟ್ಟುಕೊಂಡೇ ಮಲಗಿದ್ದನಾದ್ದರಿಂದ ಎದ್ದಾಗ ನಾಲಿಗೆಯೆಲ್ಲ ಹುಳಿ ಹುಳಿಯಾಗಿತ್ತು.

"ಉಣ್ಣೂದಿದ್ರ ಉಣ್ರಿ, ಇಲ್ಲಂದ್ರ ನಾಯಿಗೆ ಹಾಕ್ತೀನಿ," ಎಂದಳು ಹೆಂಡತಿ ಅಬಿರಾಹಿ, ಒಲೆಯ ಬೂದಿ ಕೆದಕುತ್ತ.

ಅವಳು ಅರಾಮಿಯರ ಮಗಳು. ಅವಳ ಬಾಯಲ್ಲಿ ನಾಯಿ ಎಂದರೆ 'ಕಲ್ಬಾ'. ದನ್ನಾಯ ಹಸಿ ಮಣ್ಣಿನ ಹಲಗೆಯ ಮೇಲೆ ಕಡ್ಡಿಯಿಂದ ಒತ್ತುವ ನಾಯಿ 'ಕಲ್ಬು'. ಸಮಾರಿಯದಿಂದ ಒಕ್ಕಲೆಬ್ಬಿಸಿ ಇಲ್ಲಿಗೆ ತಂದ ಜನ ಓಣಿಯ ತುದಿಯಲ್ಲಿ ಅದನ್ನೇ 'ಕೆಲೆಬ್' ಎಂದು ಬೈದು ಕಲ್ಲು ಬೀರುತ್ತಾರೆ. ಸಂತೆಗೆ ಬರುವ ಒಂಟೆಯವರಿಗೆ ಅದು 'ಕಲ್ಬ್'. ಎಲ್ಲಕ್ಕೂ ಕ, ಲ, ಬ ಎಂಬ ಅವೇ ಮೂರು ಎಲುಬು, ಮೇಲಿನ ಮಾಂಸ ಮಾತ್ರ ಬೇರೆ. ಕಲಿಯುವ ವಯಸ್ಸಿನಲ್ಲಿ ಇದು ಮೊದಲು ಹೊಳೆದಾಗ ಅವನು ನಡುಬೀದಿಯಲ್ಲಿ ನಿಂತು ಒಬ್ಬನೇ ನಕ್ಕಿದ್ದ. ಜಗತ್ತೆಲ್ಲ ಒಂದೇ ಮನೆಯವರು ಅನ್ನಿಸಿ ಮೈ ಜುಮ್ಮೆಂದಿತ್ತು. ಈಗ ಅದೇ ನೆಂಟಸ್ತಿಕೆ ಹೇಸಿಗೆ ಹುಟ್ಟಿಸುತ್ತಿತ್ತು, ಐದಾರು ಜನ ಕೈಹಾಕಿ ಉಂಡ ತಟ್ಟೆಯನ್ನು ಕೊನೆಗೆ ತನ್ನ ಮುಂದೆ ತಳ್ಳಿದ ಹಾಗೆ. ಹೆಂಡತಿಯ ಮಾತು ಅರ್ಥವಾಗದಿದ್ದರೆ ಸುಖವಾಗಿರಬಹುದಿತ್ತು. ಅರ್ಥವಾಗುತ್ತಿತ್ತು, ಅದೇ ತೊಂದರೆ.

"ಮುಂಜಾನೆ ಮುಂಜಾನೆ ಯಾಕ ಹಿಂಗ ಮಾರಿ ಗಂಟ ಹಾಕ್ಕೊಂಡು ಕುಂತೀರಿ?"

"ನನ್ನ ಬೇತುನಲ್ಲಿ ನಾನು ಕೂತ್ಕೊಳ್ಳೋದಕ್ಕೂ ನಿನ್ನ ಅಪ್ಪಣೆ ಆಗ್ಬೇಕಾ?"

"ಅವ್ವಾ, ಅಪ್ಪ ಮತ್ತ 'ಬೇತು' ಅಂದ ನೋಡು," ಎಂದು ಮಗಳು ಬಾಗಿಲಲ್ಲೇ ಕಿಸಕ್ಕೆಂದಳು. "ಸತ್ತ ಮುದುಕ್ಯಾರು ಎದ್ದು ಬಂದು ಮಾತಾಡಿದಂಗ ಆಕ್ಕೈತಿ."

ಅವಳಿಗೆ ಮನೆ ಎಂದರೆ 'ಬೈತಾ'. ದನ್ನಾಯ ಅರಮನೆಯಲ್ಲಿ ಕಲಿಸುವುದು ದಕ್ಷಿಣದ ಬಾಬಿಲೋನಿನ ಕಡೆಯವರ ಘನವಾದ 'ಬೀತು'. ಅರಸರ ಬಿರುದುಗಳನ್ನೂ ದೇವರ ಸ್ತುತಿಯನ್ನೂ ಆ ದಕ್ಷಿಣದ ಮಾತಿನಲ್ಲೇ ಬರೆಯಬೇಕು, ಆ ದಕ್ಷಿಣದವರನ್ನೇ ನಾವು ಹೊಡೆದು ಕೆಡವಿದ್ದರೂ. ಈ ಊರಿನ ಹಳೆಯ ಆಡುಮಾತಿನಲ್ಲಿ 'ಬೇತು' ಎಂದು ಹೇಳುತ್ತಿದ್ದವಳು ಅಮ್ಮ. ಅವಳು ಹೋದದ್ದು ಇದೇ ಕೋಣೆಯಲ್ಲಿ, ಈಗ ಈರುಳ್ಳಿ ಹರವಿರುವ ಆ ಮೂಲೆಯಲ್ಲಿ. ಕೊನೆಗೆ ಅವನ ಮುಂಗೈ ಹಿಡಿದುಕೊಂಡು ಏನೋ ಹೇಳಿದಳು, ನೀರಿನ ಮಾತೋ, ಸೊಸೆಯ ಮಾತೋ. ಅವನ ಕಿವಿಗೆ ಬಿದ್ದದ್ದು ಅವಳು ಪದಗಳ ಕೊನೆಯ ಪ್ರತ್ಯಯಗಳನ್ನೆಲ್ಲ ನುಂಗುತ್ತಿದ್ದಾಳೆ ಎಂಬುದೊಂದೇ. ಮನಸ್ಸಿನಲ್ಲೇ ಅವನು ಅವಳ ವಾಕ್ಯವನ್ನು ತಿದ್ದುತ್ತಿದ್ದ. ತಿದ್ದಿ ಮುಗಿಯುವಷ್ಟರಲ್ಲಿ ಕೈ ಸಡಿಲವಾಗಿತ್ತು. ಇದನ್ನು ಅವನು ಯಾರಿಗೂ ಹೇಳಿಲ್ಲ. ಹೇಳಿದರೆ ಕೇಳಿದವರು ಉಗಿಯುತ್ತಾರೆ, ಉಗಿಯಬೇಕು ಕೂಡ. ಅವನು ಬಟ್ಟಲನ್ನು ನೆಲಕ್ಕಿಟ್ಟು ಎದ್ದು ಶಾಲು ಹೊದ್ದುಕೊಂಡ.

ಹೊಳೆಯ ದಂಡೆಯಲ್ಲಿ ಚರ್ಮ ಹದ ಮಾಡುವವರ ತೊಟ್ಟಿಗಳು. ಬಿಸಿಲು ಏರುವ ಮೊದಲೇ ಅಲ್ಲಿ ನಾತ ಎದ್ದು ನಿಂತಿರುತ್ತದೆ. ಕೂದಲು ಕಿತ್ತ ಮೇಕೆಯ ತೊಗಲುಗಳು ಸುಣ್ಣದ ನೀರಿನಲ್ಲಿ ಊದಿಕೊಂಡು ತೇಲುತ್ತಿದ್ದವು. ಇವುಗಳ ಮೇಲೆಯೇ ಅರಾಮಿಯ ಬರಹಗಾರರು ಮಸಿಯಿಂದ ಬರೆಯುವುದು. ಅವರ ಅಕ್ಷರದಲ್ಲಿ ಸ್ವರವೇ ಇಲ್ಲ, ಬರೀ ವ್ಯಂಜನ, ಬರೀ ಎಲುಬು. ಓದುವವನು ತನಗೆ ಬೇಕಾದ ಮಾಂಸ ಮೆತ್ತಿಕೊಳ್ಳಬೇಕು. ಇನ್ನೊಂದು ತಲೆಮಾರು ಹೋದರೆ ಮಣ್ಣು ಕಲಸುವವರೇ ಇರುವುದಿಲ್ಲ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಆಗಲಿ, ದರಿದ್ರ ತೊಲಗಲಿ, ಅಂದುಕೊಂಡ. ಆದರೆ ಮೂಗು ಮುಚ್ಚಿ ಆ ದಂಡೆ ದಾಟುವಾಗ ಅವನ ತಲೆಯಲ್ಲಿದ್ದದ್ದು ತೊಗಲಲ್ಲ, ಬೇಡಿ. ಹಲಗೆಮನೆಯ ನಿಯಮ ಹೊರಗಿನವರಿಗೆ ಗೊತ್ತಿರಲಿಲ್ಲ. ದಂಗೆಯೆದ್ದ ದಕ್ಷಿಣದ ಊರುಗಳಿಂದ ದೊಡ್ಡ ಮನೆತನದ ಮಕ್ಕಳನ್ನು ಹಿಡಿದು ತಂದು, ಅರಮನೆಯ ರೀತಿಯಲ್ಲಿ ಓದು ಬರಹ ಕಲಿಸಿ, ಪಾಠದ ಮಾಲೆ ಪೂರ್ತಿ ಮುಗಿದ ದಿನ ಅವರ ಕಾಲಿಗೆ ಬೇಡಿ ತೊಡಿಸುತ್ತಿದ್ದರು. ಕಲಿಯುವ ತನಕ ಬಿಡುಗಾಲು, ಕಲಿತ ಮೇಲೆ ಕಬ್ಬಿಣ. ಅರೆಬರೆ ಕಲಿತವನು ಓಡಿಹೋದರೆ ನಷ್ಟವಿಲ್ಲ, ಪೂರ್ತಿ ಕಲಿತವನು ಹೋದರೆ ಅರಸರ ಸೊತ್ತು ಹೋದಂತೆ, ಎಂದು ಮುತಕ್ಕಿಲ್ ಒಮ್ಮೆ ಸಲೀಸಾಗಿ ಹೇಳಿದ್ದ. ಕಲಿಯುವವರು ಮಾತ್ರ ಮುಗಿದರೆ ಊರಿಗೆ ಕಳಿಸುತ್ತಾರೆಂದೇ ನಂಬಿದ್ದರು, ನಂಬಲಿ ಎಂದು ಬಿಟ್ಟಿದ್ದರು.

ನಿಪ್ಪುರದ ಬೆಲ್‌ಶುನುವಿನ ಪಾಠ ಮುಗಿದು ಒಂದು ವರ್ಷವಾಗಿತ್ತು. ದನ್ನಾಯ ಒಂದು ವರ್ಷದಿಂದ 'ಇನ್ನೂ ಇಲ್ಲ' ಅನ್ನುತ್ತಿದ್ದ. ಒಮ್ಮೆ ಗೀರು ಓರೆಯೆಂದ, ಒಮ್ಮೆ ಮಣ್ಣಿನ ಹದ ಸರಿಯಿಲ್ಲವೆಂದ. ಇದು ಕರುಣೆಯೇ ಎಂದು ತನ್ನನ್ನು ಕೇಳಿಕೊಂಡಾಗಲೆಲ್ಲ ಅವನಿಗೆ ಉತ್ತರದ ಕಡೆ ನೋಡಲು ಧೈರ್ಯ ಬರುತ್ತಿರಲಿಲ್ಲ. ಬೆಲ್‌ಶುನು ಬಾಯಿ ತೆರೆದರೆ 'ಬೀತು' ಎಂಬುದು ಉಸಿರಿನ ಜೊತೆ ಬಂದುಬಿಡುತ್ತಿತ್ತು. ದನ್ನಾಯ ಅದೇ ಮಾತನ್ನು ಮೂವತ್ತು ವರ್ಷದಿಂದ ಹಲ್ಲು ಕಚ್ಚಿ ಹೇಳುತ್ತಿದ್ದ. ಬೆಲ್‌ಶುನುವಿನ ತಾಯ್ಮಾತಿನ ವ್ಯಾಕರಣವನ್ನು ಅವನಿಗೇ ಹೇಳಿಕೊಡಲು ತನಗೆ ಸಂಬಳ. ಪಾಠದ ನಡುವೆ ತಾನು ಎಡವಿದಾಗ ಆ ಹುಡುಗ ತಲೆ ತಗ್ಗಿಸಿ, ಕೇಳಿಸಲಿಲ್ಲವೆಂಬಂತೆ ಮಣ್ಣು ಮಿದಿಯುತ್ತಿದ್ದ. ಎದ್ದು ನಿಂತು ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮರ್ಯಾದೆಯನ್ನು ಹೇಗೆ ತಡೆದುಕೊಳ್ಳುವುದು?

ಹಲಗೆಮನೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯಿದೆ. ಉರುಕ್ ಊರಿನ ನಾದಿನು ಅಲ್ಲಿ ಕೂತು ನಕಲು ಮಾಡುತ್ತಾನೆ. ಅವನೊಡನೆ ಮಾತಾಡಲು ಕಲಿಯುವವರಿಗೆ ಅಪ್ಪಣೆಯಿಲ್ಲ. ಅವನ ಕಾಲಿನ ಬೇಡಿ ಉಜ್ಜಿ ಉಜ್ಜಿ ಗಾಯವಾಗಿ, ಗಾಯ ಕೊಳೆತು, ಅದರ ವಾಸನೆ ಬಾಗಿಲಿನ ಚಾಪೆಯನ್ನು ದಾಟಿ ಬರುತ್ತದೆ. ಎಣ್ಣೆ ಹಚ್ಚುತ್ತಾರೆ, ಬಟ್ಟೆ ಸುತ್ತುತ್ತಾರೆ, ನೊಣಗಳಿಗೆ ಬಟ್ಟೆಯೇನೂ ಅಡ್ಡಿಯಲ್ಲ. ನಾದಿನುವಿಗೂ ವ್ಯಾಕರಣ ಕಲಿಸಿದವನು ದನ್ನಾಯನೇ. ಮುಗಿಯಿತು ಎಂದು ಯಜಮಾನನಿಗೆ ಹೇಳಿದವನೂ ಅವನೇ, ಆಗ ನಿಯಮ ಹೊಸದು, ಏನಾಗುತ್ತದೆಂದು ತನಗೆ ಗೊತ್ತಿರಲಿಲ್ಲ ಎಂದು ಅವನು ತನಗೆ ಹೇಳಿಕೊಳ್ಳುತ್ತಾನೆ. ಈಗ ದಿನಾ ಆ ಬಾಗಿಲು ದಾಟುವಾಗ ಶಾಲಿನ ಅಂಚನ್ನು ಮೂಗಿಗೆ ಒತ್ತಿಕೊಳ್ಳುತ್ತಾನೆ. ಒಳಗಿನಿಂದ ನಾದಿನು, "ಗುರುಗಳಾ? ಇವತ್ತು ಹೊರಗೆ ಗಾಳಿ ಇದೆಯಾ?" ಎಂದು ಕೇಳಿದ. ಇದೆ ಅನ್ನಲೂ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಆ ನಾತ ಒಳಗೆ ಹೋಗುತ್ತದೆ. ದನ್ನಾಯ ಹೆಜ್ಜೆ ಚುರುಕು ಮಾಡಿದ. ಈ ಮನುಷ್ಯನ ಕಾಲಿಗೆ ಯಾಕೆ ಬೇಡಿ ಎಂದು ಬೆಲ್‌ಶುನು ಹಿಂದೊಮ್ಮೆ ಕೇಳಿದಾಗ ದನ್ನಾಯ, "ಓಡಿಹೋಗೋಕೆ ನೋಡಿದ" ಎಂದಿದ್ದ. ಅಷ್ಟು ಸರಾಗವಾಗಿ ಅವನ ಬಾಯಿಂದ ಬೇರೆ ಯಾವ ವಾಕ್ಯವೂ ಬಂದಿರಲಿಲ್ಲ.

"ಏನ್ ಗುರುಗಳ, ಮಾರಿ ನೋಡಿದ್ರ ಯಾರೋ ವಾಂತಿ ಮಾಡಿದ್ದು ತುಳದು ಬಂದಂಗ ಐತಲ್ಲ," ಎಂದ ಸಗೀಬ. ಅವನು ಅರಾಮಿಯ ಬರಹಗಾರ, ಕಿಟಕಿಯ ಕೆಳಗೆ ತೊಗಲು ಹರವಿಕೊಂಡು ಕೂತು ಹಲಗೆಮನೆಯ ಆಗುಹೋಗು ಬರೆದು ಯಜಮಾನನಿಗೆ ಒಪ್ಪಿಸುವವನು. "ಕುಂದರ್ರಿ, ಕುಂದರ್ರಿ. ನೀವು ಒಂದ್ ಮಾತು ಒತ್ತೂದ್ರಾಗ ನಾನು ಒಂದ್ ನಿದ್ದಿ ಮಾಡಿ ಎದ್ದಿರ್ತೀನಿ."

ಬೆಲ್‌ಶುನು ಆಗಲೇ ಬಂದು ಮಣ್ಣು ಮಿದಿಯುತ್ತಿದ್ದ. ಇಪ್ಪತ್ತೈದರ ಆಸುಪಾಸಿನ ಗಂಡಸು, ನಿಪ್ಪುರದಲ್ಲಿ ಅವನ ಮನೆತನ ಅಧಿಕಾರ ನಡೆಸಿದ್ದು. ಹೊಳೆಯ ಮಣ್ಣಿನಲ್ಲಿ ಸಿಕ್ಕ ಬಸವನಹುಳದ ಚಿಪ್ಪನ್ನು ಹೆಕ್ಕಿ ಹೊರಗೆಸೆಯುತ್ತಿದ್ದ. ದಿನವೂ ಮಣ್ಣಿನಲ್ಲಿ ಕೈಯಾಡಿಸಿದರೂ ಅವನ ಉಗುರುಗಳು ಹೇಗೆ ಅಷ್ಟು ಸ್ವಚ್ಛವಾಗಿರುತ್ತವೋ ದನ್ನಾಯನಿಗೆ ತಿಳಿದಿರಲಿಲ್ಲ. ತನ್ನ ಉಗುರುಗಳನ್ನು ಶಾಲಿನ ಒಳಗೆ ಎಳೆದುಕೊಂಡ.

"ಗುರುಗಳೇ, ಊರ ಕಡೆಯ ದೋಣಿಯವನೊಬ್ಬ ಸಿಕ್ಕಿದ್ದ," ಎಂದ ಬೆಲ್‌ಶುನು. ಮುಖ ಬೆಳಗುತ್ತಿತ್ತು. "ಮಗು ಮಾತಾಡೋಕೆ ಶುರು ಮಾಡಿದೆಯಂತೆ."

ಅವನನ್ನು ಹಿಡಿದು ತಂದಾಗ ಹೆಂಡತಿ ಬಸುರಿ. ಮಗುವನ್ನು ಅವನು ನೋಡಿರಲಿಲ್ಲ.

"ಏನು ಮಾತಾಡಿತಂತೆ?"

"ಅದನ್ನ ಆ ಪುಣ್ಯಾತ್ಮ ಕೇಳ್ಕೊಂಡು ಬಂದಿಲ್ಲ. ಮಾತಾಡುತ್ತೆ ಅಂದ, ಈರುಳ್ಳಿ ಮೂಟೆ ಇಳಿಸ್ದ, ಹೋದ." ನಕ್ಕ. ಆಮೇಲೆ ದನಿ ತಗ್ಗಿಸಿ, "ಇವತ್ತು ಯಜಮಾನರು ನಿಮ್ಮನ್ನ ಕೇಳ್ತಾರಂತೆ. ಮುಗೀತು ಅಂದ್ಬಿಡಿ, ಗುರುಗಳೇ. ಈ ವರ್ಷವೆಲ್ಲ ನೀವು ಏನೇನೋ ತಪ್ಪು ತೆಗೆದ್ರಿ, ನಾನೇನೂ ಅಂದ್ಕೊಳ್ಳಲಿಲ್ಲ." ಕೈಯಲ್ಲಿದ್ದ ಮಣ್ಣನ್ನು ಮಗುಚಿ ಹಾಕಿದ. "ಅಂದ್ಕೊಂಡೆ. ಸುಳ್ಳು ಯಾಕೆ ಹೇಳಲಿ. ಈ ಮುದುಕನಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು ಅಂತ ಅಂದ್ಕೊಂಡೆ. ಆದ್ರೆ ಈಗ ಬಿಟ್ಬಿಡಿ. ಆ ಮಗು ಅಪ್ಪ ಅಂತ ಯಾರನ್ನಾದ್ರೂ ಕರೆಯೋ ಮೊದ್ಲು ನಾನು ಹೋಗಿ ಮುಂದೆ ನಿಲ್ಬೇಕು."

ಈಗ ಹೇಳಿಬಿಡಬೇಕು ಅನ್ನಿಸಿತು ದನ್ನಾಯನಿಗೆ. ಎಷ್ಟು ಸಣ್ಣ ಮಾತು. ಮುಗಿಸಿದವರಿಗೆ ಬೇಡಿ, ನಾದಿನು ಓಡಿಹೋಗಲು ನೋಡಿರಲಿಲ್ಲ, ದಡ್ಡನ ಹಾಗೆ ಇರು, ತಪ್ಪು ಬರಿ, ಅರಮನೆಗೆ ನಿನ್ನ ಮೇಲೆ ಬೇಸರ ಬಂದು ಒಂದು ದಿನ ಇಟ್ಟಿಗೆ ಹೊರಲು ಹೊರಗೆ ಕಳಿಸಿದರೆ ಆಗ ಓಡು. "ಬೆಲ್‌ಶುನು, ನೋಡು, ಪಾಠ ಮುಗಿಸಿದವರನ್ನ..." ಎಂದು ಶುರುಮಾಡಿದ. ಕಿಟಕಿಯ ಕೆಳಗೆ ಸಗೀಬನ ಲೇಖನಿಯ ಕರಕರ ನಿಂತಿತು. ಅವನು ತಲೆಯೆತ್ತಿರಲಿಲ್ಲ, ತೊಗಲಿನ ಮೇಲೆ ಬಗ್ಗಿಯೇ ಇದ್ದ, ಆದರೆ ಕಿವಿಯೆಂಬುದಕ್ಕೆ ತಲೆಯೆತ್ತುವ ಅಗತ್ಯವಿಲ್ಲ. ದನ್ನಾಯನಿಗೆ ತನ್ನ ಬೆನ್ನಿನ ಮೇಲೆ ಬೆವರು ಇಳಿಯುವುದು ಗೊತ್ತಾಯಿತು, ಕಂಕುಳಿನಿಂದ ತನ್ನದೇ ವಾಸನೆ ಮೂಗಿಗೆ ಬಂತು, ಭಯಪಟ್ಟ ಮುದಿ ಮೇಕೆಯ ವಾಸನೆ. "...ಮುಗಿಸಿದವರನ್ನ ಯಜಮಾನರು ಕೊನೆಗೊಂದು ಹಲಗೆ ನಕಲು ಮಾಡಿಸಿ ನೋಡ್ತಾರೆ. ಕೈ ತೊಳ್ಕೊಂಡು ಬಾ," ಎಂದ. ಲೇಖನಿಯ ಕರಕರ ಮತ್ತೆ ಶುರುವಾಯಿತು.

ನಕಲಿಗೆಂದು ಅವನು ಆರಿಸಿದ್ದು ಅಶ್ಶೂರ್ ಪಟ್ಟಣದಿಂದ ಬಂದ ಹಳೆಯ ಹಲಗೆ, ಕ್ರಿಯಾಪದಗಳ ಪಟ್ಟಿ. ಎಡಸಾಲಿನಲ್ಲಿ ಈಗ ಯಾರೂ ಆಡದ ಸುಮೇರು ಮಾತು, ಬಲಸಾಲಿನಲ್ಲಿ ನಮ್ಮದು: ಇಡು, ಇಡಲಿ, ಇಡುವೆನು, ಅವನಿಗಾಗಿ ಇಡು, ಅವನ ಕೈಯಲ್ಲಿ ಇಡಿಸು, ನಾನು ಇಡಲಾರೆ. ಹೀಗೆ ಒಂದು ಇಡುವುದರ ಹಿಂದೆ ಮನುಷ್ಯರೆಲ್ಲ ಸಾಲುಗಟ್ಟಿ ನಿಂತಿರುತ್ತಾರೆ. ಹಲಗೆಯ ಕೆಳಗಿನ ಮೂಲೆ ಎಂದೋ ಒಡೆದು ಹೋಗಿತ್ತು. ಅಂಥ ಜಾಗ ಬಂದಾಗ ನಕಲು ಮಾಡುವವನು 'ಒಡೆದಿದೆ' ಎಂದಷ್ಟೇ ಬರೆಯಬೇಕು. ಅಲ್ಲಿ ಏನಿದ್ದಿರಬಹುದೆಂದು ಸುಲಭವಾಗಿ ಊಹಿಸಬಹುದಾದರೂ ಬರೆಯಕೂಡದು. ಇದ್ದದ್ದನ್ನು ಇದ್ದ ಹಾಗೆ, ಇಲ್ಲದ್ದನ್ನು ಇಲ್ಲವೆಂದು. ದನ್ನಾಯನ ಗುರು ಇದಕ್ಕಾಗಿ ಅವನ ಬೆರಳ ಗಂಟಿನ ಮೇಲೆ ಕೋಲಿನಿಂದ ಹೊಡೆದಿದ್ದರು. ಈ ಒಂದು ನಿಯಮ ಮಾತ್ರ ಅವನಿಗೆ ಯಾವತ್ತೂ ಹೇಸಿಗೆ ತಂದಿರಲಿಲ್ಲ. ತನಗೆ ಗೊತ್ತಿಲ್ಲವೆಂದು ಬರೆದಿಟ್ಟು ಸಾಯುವ ಜನ ಬೇರೆ ಯಾವ ಕಸುಬಿನಲ್ಲಿ ಇದ್ದಾರೆ?

ಮಧ್ಯಾಹ್ನದ ಹೊತ್ತಿಗೆ ಬೆಲ್‌ಶುನು ಹಸಿ ಹಲಗೆಯನ್ನು ಎರಡು ಅಂಗೈಯಲ್ಲಿ ತಂದು ಮುಂದಿಟ್ಟ. ದನ್ನಾಯ ಬೆಳಕಿಗೆ ಓರೆಯಾಗಿ ಹಿಡಿದು ಓದತೊಡಗಿದ. ಗೀರುಗಳು ಚೊಕ್ಕವಾಗಿದ್ದವು. ಕೆಳಗಿನ ಮೂಲೆಗೆ ಬಂದಾಗ ಅವನ ಕಣ್ಣು ನಿಂತಿತು. ಅಲ್ಲಿ 'ಒಡೆದಿದೆ' ಎಂದಿರಲಿಲ್ಲ. ಸಾಲುಗಳಿದ್ದವು. ಇಡುವುದರ ಇನ್ನೂ ಎಷ್ಟೋ ರೂಪಗಳು, ನಿನೆವೆಯಲ್ಲಿ ಯಾವನೂ ಓದಿರದ ರೂಪಗಳು, ಒಂದರಿಂದ ಒಂದು ಬಿಚ್ಚಿಕೊಂಡು ಅಂಚಿನವರೆಗೆ ಹೋಗಿದ್ದವು. ಊಹೆಯಲ್ಲ ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಈ ಮೂಲೆಗಾಗಿ ತನ್ನ ಗುರು ಮುದುಕರಾಗುವವರೆಗೆ ಊರೂರು ವಿಚಾರಿಸಿದ್ದರು. ದನ್ನಾಯನಿಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಸಂತೋಷವಿರಬೇಕಾದ ಜಾಗದಲ್ಲಿ ಇದು ಬಂತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಇದೇನು?"

"ಓ," ಎಂದು ಬೆಲ್‌ಶುನು ಬಗ್ಗಿ ನೋಡಿದ. "ಗೊತ್ತೇ ಆಗ್ಲಿಲ್ಲ. ಬಾಯಿ ಹೇಳ್ತು, ಕೈ ಬರೀತು. ನಮ್ಮೂರಲ್ಲಿ ಮಕ್ಕಳು ಆಡ್ತಾ ಆಡ್ತಾ ಇದನ್ನ ಹೇಳ್ಕೋತಾರೆ. ದೇವಸ್ಥಾನದಲ್ಲಿ ಹಲಗೆಯಿತ್ತು. ನಿಮ್ಮವರು ಬೆಂಕಿಯಿಟ್ಟಾಗ ಚಾವಣಿ ಬಿತ್ತು." ಅವನು ಕಡ್ಡಿಯನ್ನು ಮಟ್ಟಸ ತುದಿ ಕೆಳಗಾಗುವಂತೆ ಎತ್ತಿಕೊಂಡ. "ಅಳಿಸಿಬಿಡಲಾ?"

ಅಳಿಸು ಅನ್ನಬಹುದಿತ್ತು. ಮಣ್ಣು ಹಸಿಯಾಗಿತ್ತು, ಹೆಬ್ಬೆರಳು ಸಾಕಾಗಿತ್ತು. ಆದರೆ ದನ್ನಾಯನಿಗೆ ಆ ಗಳಿಗೆಯಲ್ಲಿ ಬೇರೊಂದು ಹೊಳೆಯಿತು: ಇದು ತಪ್ಪು. ಮಾಲೆ ಮುಗಿಸಿದವನು ಮಾಡಕೂಡದ, ಮೊದಲ ವರ್ಷದವನೂ ಮಾಡದ ತಪ್ಪು. ಇದನ್ನು ತೋರಿಸಿ 'ಇನ್ನೂ ಮುಗಿದಿಲ್ಲ' ಅನ್ನಬಹುದು, ಈ ಸಲ ಸುಳ್ಳಾಡದೆ. ಇನ್ನೊಂದು ವರ್ಷ ಬಿಡುಗಾಲು. ಬೈದುಕೊಳ್ಳಲಿ, ಶಾಪ ಹಾಕಲಿ, ಕಾಲಾದರೂ ನೆಟ್ಟಗಿರುತ್ತದೆ. ತಾನು ಒಳ್ಳೆಯವನೆಂದು ಒಂದು ಕ್ಷಣ ಬೆಚ್ಚಗೆನಿಸಿತು. ಅದರ ಹಿಂದೆಯೇ, ಈ ಸಾಲುಗಳು ತಪ್ಪೆಂದು ಎಲ್ಲರೆದುರು ತೋರಿಸುವುದು ಎಷ್ಟು ಹಿತವಾಗಿರುತ್ತದೆ ಎಂಬುದೂ ಹೊಳೆಯಿತು. ಯಾವುದು ಮೊದಲು ಹೊಳೆದದ್ದೆಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ತೀರ್ಮಾನಿಸಲಾಗಲಿಲ್ಲ. "ಇರಲಿ, ಮುಟ್ಬೇಡ," ಎಂದ.

ಮುತಕ್ಕಿಲ್ ಬಂದದ್ದು ಹೊಟ್ಟೆ ತುಂಬ ಉಂಡು. ಮೈಗೆ ಬಳಿದುಕೊಂಡ ಸುಗಂಧದ ಎಣ್ಣೆ ಬಿಸಿಲಿಗೆ ಕಮಟಾಗಿತ್ತು, ಕೈಯಲ್ಲಿ ಹುರಿದ ಮಿಡತೆಗಳ ಕಡ್ಡಿ. ಒಂದನ್ನು ಹಲ್ಲಿನಿಂದ ಎಳೆದು ಜಗಿಯುತ್ತಲೇ, "ಏನಯ್ಯಾ, ಮುಗೀತಾ?" ಎಂದ.

"ಇನ್ನೂ ಇಲ್ಲ, ಒಡೆಯಾ. ಒಡೆದ ಜಾಗದಲ್ಲಿ ಒಡೆದಿದೆ ಅಂತ ಬರೆಯೋ ಬದ್ಲು ಇವನೇ ಏನೋ ತುಂಬಿಸಿದ್ದಾನೆ. ಮೊದಲ ಪಾಠವೇ ಮರೆತಿದ್ದಾನೆ," ಎಂದು ದನ್ನಾಯ ಹಲಗೆಯನ್ನು ಮುಂದೆ ಹಿಡಿದ. ಬೆಲ್‌ಶುನುವಿನ ಮುಖದಿಂದ ಬೆಳಕು ಆರಿದ್ದನ್ನು ಅವನು ನೋಡಲಿಲ್ಲ, ನೋಡಬಾರದೆಂದೇ ಹಲಗೆಯ ಕಡೆ ನೋಡುತ್ತಿದ್ದ.

ಮುತಕ್ಕಿಲ್ ಹಲಗೆ ತೆಗೆದುಕೊಳ್ಳುವ ಮೊದಲು ಜಿಡ್ಡಿನ ಬೆರಳನ್ನು ದನ್ನಾಯನ ಶಾಲಿನ ಅಂಚಿಗೆ ಒರೆಸಿಕೊಂಡ. ಬೇಕೆಂದು ಮಾಡಿದ್ದಲ್ಲ, ಹತ್ತಿರ ಸಿಕ್ಕ ಬಟ್ಟೆ ಅದು. ಓದುತ್ತ ಓದುತ್ತ ಅವನ ದವಡೆ ಜಗಿಯುವುದನ್ನು ನಿಲ್ಲಿಸಿತು.

"ಇದು ನಿಂಗೆ ಎಲ್ಲಿಂದ ಬಂತು?"

"ಅಜ್ಜ ಹೇಳಿಕೊಟ್ಟದ್ದು, ಒಡೆಯಾ," ಎಂದ ಬೆಲ್‌ಶುನು.

"ಇನ್ನೂ ಇದೆಯೋ, ಇಷ್ಟೇನೋ?"

ದನ್ನಾಯನಿಗೆ ಆಗ ಅರ್ಥವಾಯಿತು. ಅರಸರಿಗೆ ಬೇಕಾದದ್ದು ಹಲಗೆಗಳು, ಇರುವ ಹಲಗೆಗಳೆಲ್ಲ. ಸುಟ್ಟುಹೋದ ಹಲಗೆಯನ್ನು ತಲೆಯಲ್ಲಿ ಇಟ್ಟುಕೊಂಡವನು ಸಿಕ್ಕರೆ ಅವನನ್ನು ಯಾರಾದರೂ ಬಿಡುತ್ತಾರೆಯೇ? "ಅಷ್ಟೇ ಇರ್ಬೇಕು, ಒಡೆಯಾ," ಎಂದು ನಡುವೆ ಬಾಯಿ ಹಾಕಿದ. "ಹಳ್ಳಿ ಮಕ್ಕಳ ಹಾಡು, ಅರ್ಧಂಬರ್ಧ, ನಂಬೋ ಹಾಗಿಲ್ಲ." ಬೆಲ್‌ಶುನುವಿನ ಕಡೆ ತಿರುಗಿ ಕಣ್ಣು ದೊಡ್ಡದು ಮಾಡಿದ, ತಲೆ ಅಲ್ಲಾಡಿಸಿದ. ಬೆಲ್‌ಶುನು ಆ ಕಣ್ಣನ್ನು ನೋಡಿದ, ತನಗೆ ಗೊತ್ತಿದ್ದ ಅರ್ಥವನ್ನೇ ಅದಕ್ಕೆ ಮಾಡಿಕೊಂಡ. ಅವನ ತುಟಿಯ ಮೂಲೆಯಲ್ಲಿ ತಿರಸ್ಕಾರ ಸುಳಿಯಿತು.

"ಅರ್ಧಂಬರ್ಧ ಅಲ್ಲ, ಒಡೆಯಾ. ಕೇಳಿ," ಎಂದ. ಹೇಳತೊಡಗಿದ. ಇಡುವುದು ಮುಗಿಸಿ ಬರುವುದಕ್ಕೆ ಹೋದ, ಬರುವುದು ಮುಗಿಸಿ ತರುವುದಕ್ಕೆ. ಬೆನ್ನು ನೆಟ್ಟಗಾಗಿತ್ತು, ಕಣ್ಣು ಮುಚ್ಚಿತ್ತು. ಎಡದ ಮಾತು, ಬಲದ ಮಾತು, ಅದರ ರಾಗ, ಊರಿನ ಮಕ್ಕಳು ಬಹುಶಃ ಕಾಲು ಕುಣಿಸುತ್ತ ಹೇಳುವ ರಾಗ. "ಸಾಕು, ಬೆಲ್‌ಶುನು," ಎಂದ ದನ್ನಾಯ. ಬೆಲ್‌ಶುನು ದನಿ ಏರಿಸಿದ. "ಸಾಕು ಅಂದ್ನಲ್ಲ, ಯಜಮಾನರಿಗೆ ಹೊತ್ತಾಗುತ್ತೆ," ಎಂದು ದನ್ನಾಯ ಮತ್ತೆ ತಡೆದ. ಬೆಲ್‌ಶುನು ಇನ್ನೊಂದು ಮಾಲೆಯನ್ನೇ ಶುರುಮಾಡಿದ, ಗ್ರಹಣದ ಶಕುನಗಳದ್ದು, ನಿನೆವೆಯಲ್ಲಿ ಅದರ ತುಣುಕು ಮಾತ್ರ ಇತ್ತು. ಊರಿಗೆ ಹೋಗುವ ಹಾದಿಯನ್ನು ತನ್ನ ಬಾಯಿಂದಲೇ ಕಡಿದುಕೊಳ್ಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಹತ್ತಿರವಾಗುತ್ತಿದ್ದೇನೆ ಎಂದುಕೊಂಡಿದ್ದ. ದನ್ನಾಯ ಹತ್ತಿರ ಸರಿದು ಅವನ ಪಾದದ ಮೇಲೆ ತನ್ನ ಪಾದ ಇಟ್ಟು ಒತ್ತಿದ. ಬೆಲ್‌ಶುನು ಹೇಳುತ್ತಲೇ ಕಾಲನ್ನು ಎಳೆದುಕೊಂಡ, ಹೊಲಸು ಮುಟ್ಟಿದವನ ಹಾಗೆ.

ಮುತಕ್ಕಿಲ್ ಮಿಡತೆಯ ಕಡ್ಡಿಯನ್ನು ನೆಲಕ್ಕೆ ಬಿಟ್ಟಿದ್ದ. "ಮುಗೀತಯ್ಯಾ," ಎಂದ ಮೆಲ್ಲಗೆ. "ಮುಗೀತು ಅಂದ್ರೆ ಇದು. ನ್ಯಾಯವಾಗಿ ಇವನು ನಿಂಗೆ ಪಾಠ ಹೇಳ್ಬೇಕಿತ್ತು, ದನ್ನಾಯ. ಸಗೀಬಾ, ಬರ್ಕೋ, ನಿಪ್ಪುರದವನು ಮಾಲೆ ಮುಗಿಸಿದ. ಎಂದಿನವನನ್ನ ಕರೀಲಿಕ್ಕೆ ಕಳ್ಸು."

ಬೆಲ್‌ಶುನು ಮೊಣಕಾಲೂರಿ ನೆಲಕ್ಕೆ ಹಣೆ ತಾಗಿಸಿದ. ಎದ್ದಾಗ ಹಣೆಯ ಮೇಲೆ ಹಸಿ ಮಣ್ಣು ಮೆತ್ತಿತ್ತು. ದನ್ನಾಯನ ಕಡೆ ತಿರುಗಿದ. ಗೆದ್ದವನ ಉದಾರತೆಯಲ್ಲಿ, "ಗುರುಗಳೇ, ಕಾಲು ಎಳ್ಕೊಂಡದ್ದಕ್ಕೆ ತಪ್ಪು ತಿಳೀಬೇಡಿ. ಊರಿಂದ ನಿಮ್ಗೆ ಖರ್ಜೂರ ಕಳಿಸ್ತೀನಿ, ಒಳ್ಳೇದು, ಇಲ್ಲಿ ಸಿಗೋ ಹಾಗೆ ಒಣಗಿದ್ದಲ್ಲ," ಎಂದ.

ಕಮ್ಮಾರ ಒಳಗೆ ಬಂದಾಗ ಭುಜದ ಮೇಲೆ ಬೇಡಿಯ ಸರಪಳಿ ಇತ್ತು, ಕೈಯಲ್ಲಿ ಸುತ್ತಿಗೆ. ಬೆಲ್‌ಶುನು ಅವನಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತ. "ಉರುಕಿನವನು ಹಿಂದಿನ ಕೋಣೇಲಿದಾನೆ, ಆ ಕಡೆಯಿಂದ ಹೋಗ್ಬೇಕು," ಎಂದ ವಿನಯದಿಂದ. "ಗಾಯ ಇದೆ, ಸ್ವಲ್ಪ ನೋಡ್ಕೊಂಡು ಹಾಕಪ್ಪ."

ಯಾರೂ ನಗಲಿಲ್ಲ, ಸಗೀಬನೂ ನಗಲಿಲ್ಲ. ಕಮ್ಮಾರ ಸರಪಳಿಯನ್ನು ಅವನ ಮುಂದೆಯೇ ನೆಲಕ್ಕೆ ಬಿಟ್ಟು, "ಕುಂತ್ಕ," ಎಂದ. ಬೆಲ್‌ಶುನು ಮುತಕ್ಕಿಲನ ಮುಖ ನೋಡಿದ, ಸಗೀಬನ ಬಗ್ಗಿದ ನೆತ್ತಿ ನೋಡಿದ, ಕೊನೆಗೆ ದನ್ನಾಯನನ್ನು ನೋಡಿದ. ಅಲ್ಲಿ ಓದಲು ಏನೂ ಕಷ್ಟವಿರಲಿಲ್ಲ. ಅವನು ಕೂಗಾಡುತ್ತಾನೆ, ಬಾಗಿಲಿಗೆ ನುಗ್ಗುತ್ತಾನೆ ಎಂದುಕೊಂಡಿದ್ದ ದನ್ನಾಯ. ಅವನು ನಿಧಾನವಾಗಿ ಕೂತ.

"ಒದ್ರೆ ಮೊಳೆ ತಪ್ಪುತ್ತೆ," ಎಂದ ಕಮ್ಮಾರ. "ಯಾರಾರ ಕಾಲು ಹಿಡ್ಕಳ್ರಪ್ಪ."

"ಹಿಡ್ಕೋ ದನ್ನಾಯ, ನಿನ್ನ ಶಿಷ್ಯ ತಾನೆ," ಎಂದ ಮುತಕ್ಕಿಲ್. ಇನ್ನೊಂದು ಮಿಡತೆ ಇದೆಯೇನೋ ಎಂದು ನೆಲದ ಮೇಲಿನ ಕಡ್ಡಿಯನ್ನು ಕಾಲಿನಿಂದ ಹೊರಳಿಸಿ ನೋಡಿ, ಹೊರಗೆ ಹೋದ.

ದನ್ನಾಯ ಮಣ್ಣಿನ ನೆಲದಲ್ಲಿ ಕೂತು ಎರಡು ಕೈಯಿಂದ ಆ ಕಾಲನ್ನು ಹಿಡಿದುಕೊಂಡ. ಕಾಲು ಬೆಚ್ಚಗಿತ್ತು. ಹರಡಿನ ಎಲುಬು ಅಂಗೈಯಲ್ಲಿ ಕುಳಿತಿತ್ತು, ಅದರ ಮೇಲಿನ ಚರ್ಮ ನುಣುಪಾಗಿತ್ತು. ಮುಂದೆ ಗಾಯವಾಗುವ ಜಾಗ ಇದೇ ಎಂದು ನಾದಿನುವನ್ನು ನೋಡಿದವನಿಗೆ ಗೊತ್ತಿತ್ತು.

"ನಿಮಗೆ ಗೊತ್ತಿತ್ತು," ಎಂದ ಬೆಲ್‌ಶುನು. ಕೇಳಿದ್ದಲ್ಲ.

"ಗೊತ್ತಿತ್ತು."

"ಈ ವರ್ಷವೆಲ್ಲ ನೀವು ಮುಗಿದಿಲ್ಲ, ಮುಗಿದಿಲ್ಲ ಅಂತಿದ್ದದ್ದು ಅದಕ್ಕೇನಾ?"

ಹೌದು ಅಂದರೆ ಅವನು ಕ್ಷಮಿಸಿಬಿಡುತ್ತಾನೆ. ಅವನ ದನಿಯಲ್ಲಿ ಆಗಲೇ ಅದಕ್ಕೆ ಜಾಗವಾಗುತ್ತಿತ್ತು. ದನ್ನಾಯ ಉತ್ತರ ಹುಡುಕುತ್ತ ತನ್ನೊಳಗೆ ಇಳಿದ. ದುಃಖ ಇತ್ತು, ಅದು ನಿಜವಾದದ್ದೇ. ಅದನ್ನು ಸರಿಸಿ ನೋಡಿದರೆ ಕೆಳಗೆ ಇನ್ನೊಂದು ಇತ್ತು. ನಾಳೆಯೂ ಇವನು ಇಲ್ಲೇ ಇರುತ್ತಾನೆ. ನಾಡಿದ್ದೂ ಇರುತ್ತಾನೆ. ಆ ಸಾಲುಗಳನ್ನೆಲ್ಲ, ತನ್ನ ಗುರುವಿಗೆ ಸಿಗದೆ ಹೋದ ಸಾಲುಗಳನ್ನೆಲ್ಲ, ಆ ದನಿಯಲ್ಲಿ, ಆ ರಾಗದಲ್ಲಿ, ಬೇರೆ ಯಾರಿಗೂ ಅಲ್ಲ ತನಗೇ ಹೇಳುತ್ತಾನೆ, ತಾನು ಬರೆದುಕೊಳ್ಳುತ್ತೇನೆ. ಅದು ಸಂತೋಷವೇ. ಮುಚ್ಚುಮರೆಯಿಲ್ಲದ, ಬೆಚ್ಚಗಿನ ಸಂತೋಷ, ಎಷ್ಟೋ ವರ್ಷದಿಂದ ಅಂಥದ್ದು ಅವನಿಗೆ ಆಗಿರಲಿಲ್ಲ.

"ಹೌದು," ಎಂದ ದನ್ನಾಯ.

ಬೆಲ್‌ಶುನು ತಲೆಯಾಡಿಸಿ, ಕೈ ಚಾಚಿ ಗುರುವಿನ ಭುಜವನ್ನು ಹಿಡಿದುಕೊಂಡ. ಕಮ್ಮಾರ ಸುತ್ತಿಗೆ ಎತ್ತಿದ. ದನ್ನಾಯ ಕಾಲನ್ನು ಇನ್ನಷ್ಟು ಬಿಗಿಯಾಗಿ ನೆಲಕ್ಕೆ ಒತ್ತಿದ.